ಮಠದಿಂದ ಮನೆಗೆ: ಲೂಥರ್ ಕಂಡ ದಿನನಿತ್ಯದ ಆರಾಧನೆ

ಮಾರ್ಟಿನ್ ಲೂಥರ್ ಎಂದೊಡನೆ ನಮಗೆ ನೆನಪಾಗುವುದು 1517ನೇ ಇಸವಿ, 95 ಪ್ರಮೇಯಗಳು, ಪಾಪಕ್ಷಮಾಪಣಾ ಪತ್ರಗಳ ಮಾರಾಟ ಮತ್ತು ಪೋಪನೊಂದಿಗಿನ ಜಗಳ. ಪಠ್ಯಪುಸ್ತಕಗಳು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತವೆ. ಆದರೆ ಆ ಜಗಳ ಒಬ್ಬ ಚಮ್ಮಾರನ, ಒಬ್ಬ ಮನೆಗೆಲಸದಾಕೆಯ, ಒಬ್ಬ ತಾಯಿಯ ದಿನವನ್ನು ಹೇಗೆ ಬದಲಿಸಿತು ಎಂಬ ಪ್ರಶ್ನೆ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ.

ಮಧ್ಯಯುಗದ ಯುರೋಪಿನಲ್ಲಿ ದೇವರಿಗೆ ಹತ್ತಿರವಾದ ಬದುಕು ಎಂದರೆ ಮಠದ ಬದುಕು. ದೇವರ 'ಕರೆ' ಬರುವುದು ಸನ್ಯಾಸಿಗೆ, ಸನ್ಯಾಸಿನಿಗೆ, ಪಾದ್ರಿಗೆ. ಉಳಿದವರು ಉಳುವವರು, ಹೆರುವವರು, ದುಡಿಯುವವರು. 1505ರಲ್ಲಿ ಎರ್ಫರ್ಟಿನ ಅಗಸ್ಟೀನಿಯನ್ ಮಠ ಸೇರಿದ ಲೂಥರ್ ಕೂಡ ಹಾಗೆಯೇ ನಂಬಿದ್ದ. ಉಪವಾಸ, ಜಾಗರಣೆ, ಪಾಪನಿವೇದನೆ ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೂ 'ಇಷ್ಟು ಸಾಕೇ?' ಎಂಬ ಭಯ ಹೋಗಲಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರವನ್ನು ಓದುತ್ತಾ ಓದುತ್ತಾ ಅವನು ಕಂಡುಕೊಂಡ ಉತ್ತರವೇ ಲೂಥರನ್ ಪಂಥದ ಬೇರು: ರಕ್ಷಣೆ ನಾವು ಸಂಪಾದಿಸುವ ಪುಣ್ಯವಲ್ಲ, ದೇವರ ಕೊಡುಗೆ. ಅದನ್ನು ನಂಬಿಕೆಯಿಂದ ಸ್ವೀಕರಿಸುವುದಷ್ಟೇ ಮನುಷ್ಯನಿಗೆ ಉಳಿದದ್ದು.

ಹಾಗಾದರೆ ಒಳ್ಳೆಯ ಕೆಲಸ ಮಾಡುವುದಾದರೂ ಏಕೆ? ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ 1520ರ ಕಿರುಹೊತ್ತಗೆಯಲ್ಲಿ ಲೂಥರ್ ಈ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾನೆ. ಸ್ವರ್ಗಕ್ಕಾಗಿ ಲೆಕ್ಕವಿಡುವ ಚಿಂತೆ ತಪ್ಪಿದ ಮನುಷ್ಯ ತನ್ನ ದುಡಿಮೆಯನ್ನು ನೆರೆಯವರಿಗಾಗಿ ಧಾರಾಳವಾಗಿ ಕೊಡಬಲ್ಲ ಎಂಬುದು ಅವನ ವಾದದ ಸಾರ. ಇಲ್ಲಿಂದ 'ಕರೆ' ಎಂಬ ಮಾತಿನ ಅರ್ಥವೇ ಅಗಲವಾಯಿತು. ಜರ್ಮನ್ ಭಾಷೆಯ 'ಬೆರೂಫ್' ಎಂಬ ಪದವನ್ನು ಅವನು ರೈತನ, ಕುಶಲಕರ್ಮಿಯ, ತಾಯ್ತಂದೆಯರ ಕೆಲಸಕ್ಕೂ ಬಳಸಿದ. ಮದುವೆಯ ಬಗ್ಗೆ 1522ರಲ್ಲಿ ಬರೆಯುತ್ತಾ, ಮಗುವಿನ ಹೊಲಸು ಬಟ್ಟೆ ಒಗೆಯುವ ಗಂಡಸನ್ನು ಜನ ಹಾಸ್ಯ ಮಾಡಿದರೂ, ಅವನು ಅದನ್ನು ನಂಬಿಕೆಯಿಂದ ಮಾಡುತ್ತಿದ್ದರೆ ದೇವರು ಮೆಚ್ಚಿ ನಗುತ್ತಾನೆ ಎನ್ನುತ್ತಾನೆ. ಆಗಿನ್ನೂ ಅವನಿಗೆ ಮದುವೆಯಾಗಿರಲಿಲ್ಲ. 1525ರಲ್ಲಿ ಅವನು ಮದುವೆಯಾದ ಕಥರೀನಾ ಫಾನ್ ಬೋರಾ ಎರಡು ವರ್ಷದ ಹಿಂದೆ ಕಾನ್ವೆಂಟಿನಿಂದ ತಪ್ಪಿಸಿಕೊಂಡು ಬಂದಿದ್ದ ಸನ್ಯಾಸಿನಿ. ವಿಟೆನ್‌ಬರ್ಗಿನ ಹಳೆಯ ಮಠವೇ ಅವರ ಮನೆಯಾಯಿತು. ಬಿಯರ್ ತಯಾರಿಸುವುದು, ದನ ಸಾಕುವುದು, ತೋಟ, ಊಟಕ್ಕಿರುತ್ತಿದ್ದ ವಿದ್ಯಾರ್ಥಿಗಳು, ಆರು ಮಕ್ಕಳು, ಎಲ್ಲವನ್ನೂ ತೂಗಿಸಿದವಳು ಆಕೆ.

ಆರಾಧನೆಯೂ ಮನೆಯ ಕಡೆಗೆ ಚಲಿಸಿತು. 1524ರಲ್ಲಿ ಜರ್ಮನ್ ಹಾಡುಗಳ ಮೊದಲ ಸಂಗ್ರಹಗಳು ಅಚ್ಚಾದವು. 1526ರಲ್ಲಿ ಜರ್ಮನ್ ಪೂಜಾಕ್ರಮ ಬಂತು. ಆದರೆ 1528ರ ಕೊನೆಯಲ್ಲಿ ಸ್ಯಾಕ್ಸನಿಯ ಚರ್ಚುಗಳ ತಪಾಸಣೆಗೆ ಹೊರಟ ಲೂಥರನಿಗೆ ಕಂಡದ್ದು ನಿರಾಶೆಯ ಚಿತ್ರ. ಹಳ್ಳಿಗಳ ಅನೇಕರಿಗೆ ಕರ್ತನ ಪ್ರಾರ್ಥನೆಯೂ ಬರುತ್ತಿರಲಿಲ್ಲ. ಎಷ್ಟೋ ಪಾದ್ರಿಗಳಿಗೆ ಕಲಿಸುವ ಯೋಗ್ಯತೆಯೇ ಇರಲಿಲ್ಲ. 1529ರ 'ಕಿರು ಪ್ರಶ್ನೋತ್ತರಿ' ಹುಟ್ಟಿದ್ದು ಈ ಅನುಭವದಿಂದ. ಅದರ ಪಾಠಗಳು ಮೊದಲು ಗೋಡೆಗೆ ಅಂಟಿಸುವ ಹಾಳೆಗಳಾಗಿ ಬಂದವು. ಮನೆಯ ಯಜಮಾನ ಮಕ್ಕಳಿಗೂ ಆಳುಗಳಿಗೂ ಕಲಿಸಲೆಂದು ಬರೆದ ಪುಸ್ತಕ ಅದು. ದಿನದ ಆಹಾರಕ್ಕಾಗಿ ಬೇಡುವ ಸಾಲಿಗೆ ಅಲ್ಲಿರುವ ವಿವರಣೆಯಲ್ಲಿ ಬಟ್ಟೆ, ಚಪ್ಪಲಿ, ಹೊಲ, ದನ, ಒಳ್ಳೆಯ ಹವೆ, ಒಳ್ಳೆಯ ನೆರೆಹೊರೆ ಎಲ್ಲವೂ ಸೇರಿವೆ. ಬೆಳಿಗ್ಗೆ ಪ್ರಾರ್ಥಿಸಿ ಹಾಡುತ್ತಾ ಕೆಲಸಕ್ಕೆ ಹೋಗಬೇಕು. ರಾತ್ರಿ ಪ್ರಾರ್ಥಿಸಿ ಕೂಡಲೇ ನೆಮ್ಮದಿಯಿಂದ ಮಲಗಬೇಕು. ಒಂದು ಕಾಲಕ್ಕೆ ಜಾಗರಣೆ ಮಾಡಿ ದಣಿದಿದ್ದ ಸನ್ಯಾಸಿ ಕೊಟ್ಟ ಸಲಹೆ ಇದು ಎಂಬುದನ್ನು ಮರೆಯಬಾರದು.

ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆ ಅರ್ಧವಾಗುತ್ತದೆ. 1525ರಲ್ಲಿ ದಂಗೆ ಎದ್ದ ರೈತರು ತಮ್ಮ ಹನ್ನೆರಡು ಬೇಡಿಕೆಗಳಲ್ಲಿ, ಕ್ರಿಸ್ತನು ಎಲ್ಲರನ್ನೂ ಬಿಡಿಸಿದ ಮೇಲೆ ತಾವು ಜೀತದಲ್ಲೇಕೆ ಇರಬೇಕು ಎಂದು ಕೇಳಿದರು. ಲೂಥರ್ ಒಪ್ಪಲಿಲ್ಲ. ಆತ್ಮದ ಸ್ವಾತಂತ್ರ್ಯವನ್ನು ದೇಹದ ಸ್ವಾತಂತ್ರ್ಯ ಮಾಡುತ್ತಿದ್ದೀರಿ ಎಂದು ಆಕ್ಷೇಪಿಸಿದ. ಬಳಿಕ ದಂಗೆಯನ್ನು ನಿರ್ದಯವಾಗಿ ಅಡಗಿಸುವಂತೆ ಪ್ರಭುಗಳಿಗೆ ಬರೆದ. ಪ್ರತಿ ಕೆಲಸವೂ ದೇವರ ಕರೆ ಎಂಬ ಮಾತು, ಇದ್ದಲ್ಲೇ ಇರು ಎಂಬ ಆಜ್ಞೆಯೂ ಆಗಬಹುದು ಎಂಬುದಕ್ಕೆ ಇದೇ ಸಾಕ್ಷಿ. ಹೆಂಗಸರ ವಿಷಯದಲ್ಲೂ ಹೀಗೆಯೇ. ಆಗ್ಸ್‌ಬರ್ಗ್ ನಗರದ ದಾಖಲೆಗಳನ್ನು ಅಧ್ಯಯನ ಮಾಡಿದ ಲಿಂಡಲ್ ರೋಪರ್, ಸುಧಾರಣೆಯು ಮನೆಯನ್ನು ಪವಿತ್ರವಾಗಿಸುತ್ತಲೇ ಯಜಮಾನನ ಹಿಡಿತವನ್ನು ಬಿಗಿಗೊಳಿಸಿತು ಎಂದು 1989ರಲ್ಲಿ ವಾದಿಸಿದರು. ಕಾನ್ವೆಂಟುಗಳು ಮುಚ್ಚಿದಾಗ ಮದುವೆಯ ಹೊರಗಿನ ಗೌರವದ ಬದುಕೊಂದು ಹೆಂಗಸರ ಕೈತಪ್ಪಿತು.

ಈ ವಿಚಾರದ ಒಂದು ಎಳೆ ನಮ್ಮ ಕರಾವಳಿಯನ್ನೂ ಮುಟ್ಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪೂರ್ತಿಯಾಗಿ ಲೂಥರನ್ ಸಂಸ್ಥೆಯಲ್ಲ. ಆದರೆ ಅದರ ಅನೇಕ ಪಾದ್ರಿಗಳು ವುರ್ಟೆಂಬರ್ಗಿನ ಲೂಥರನ್ ಭಕ್ತಿಪರಂಪರೆಯಲ್ಲಿ ಬೆಳೆದವರು. ಇಲ್ಲಿ ಕ್ರೈಸ್ತರಾದ ಬಿಲ್ಲವರಿಗೆ ಕಳ್ಳು ಇಳಿಸುವ ಮೂರ್ತೆ ಕೆಲಸವನ್ನು ಮಿಷನ್ ಒಪ್ಪಲಿಲ್ಲ. ಇತರರಿಗೂ ಮತಾಂತರದೊಂದಿಗೆ ಜಾತಿ, ಆಸ್ತಿ, ಕಸುಬು ಕೈಬಿಟ್ಟವು. ಇದ್ದಲ್ಲೇ ಇದ್ದು ದೇವರ ಸೇವೆ ಮಾಡು ಎಂಬ ಉಪದೇಶಕ್ಕೆ ಇಲ್ಲಿ ನೆಲವೇ ಇರಲಿಲ್ಲ. ಹಾಗಾಗಿ ನೇಯ್ಗೆಯ ಮಗ್ಗಗಳು ಬಂದವು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು.

ಬಟ್ಟೆ ಒಗೆಯುವವನನ್ನೂ ಸನ್ಯಾಸಿಯನ್ನೂ ದೇವರ ಮುಂದೆ ಸಮವಾಗಿ ನಿಲ್ಲಿಸಿದ್ದು ಲೂಥರನ ದೊಡ್ಡ ಸಾಧನೆ. ಆದರೆ ಯಾರು ಯಾವ ಕೆಲಸ ಮಾಡಬೇಕೆಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನು ಅವನು ಪ್ರಭುಗಳಿಗೂ ಯಜಮಾನರಿಗೂ ಬಿಟ್ಟ. ರೈತರು ಕೇಳಿದ್ದು ಆ ಪ್ರಶ್ನೆಯನ್ನೇ. ದುಡಿಮೆಯನ್ನು ಆರಾಧನೆ ಎಂದು ಹೊಗಳುವ ಯಾವುದೇ ಮಾತನ್ನು ಓದುವಾಗ ನಾವು ಅವರ ಪ್ರಶ್ನೆಯನ್ನೂ ಜೊತೆಗಿಟ್ಟುಕೊಳ್ಳಬೇಕು.