ಎರೆಯ ನಾಡಿನ ವಾಡೆಗಳು

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ಸೀಮೆಯಲ್ಲಿ ಮನೆ ಕಟ್ಟುವುದೆಂದರೆ ನೆಲದೊಡನೆ ಜಗಳಕ್ಕೆ ನಿಂತಂತೆ. ಮಳೆ ಬಿದ್ದರೆ ಈ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಮೇಲೆ ನಿಂತ ಗೋಡೆ ಎಷ್ಟು ದಪ್ಪವಾಗಿದ್ದರೂ ಅಲುಗದೆ ಇರಲಾರದು. ಅದಕ್ಕೆಂದೇ ಹಿರಿಯರು ಭಾರವನ್ನೆಲ್ಲ ಗೋಡೆಗೆ ಒಪ್ಪಿಸದೆ ಮರದ ಕಂಬಗಳಿಗೂ ಹಂಚಿದರೆಂದು ನನಗೆ ತೋರುತ್ತದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಗೆ ಅಡ್ಡಲಾಗಿ ಹಲಗೆ ಇಲ್ಲವೆ ಕಟ್ಟಿಗೆಯ ತುಂಡು, ಅದರ ಮೇಲೆ ಸೊಪ್ಪು, ಮಣ್ಣು. ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ಮೇಲ್ಮುದ್ದೆ. ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಆ ವರ್ಷ ಮನೆ ಸೋರಿತೆಂದೇ ತಿಳಿಯಬೇಕು. ಹಳೆಯ ಮನೆ ಎಂದು ನಾವು ಕರೆಯುವುದು ವರ್ಷವರ್ಷವೂ ಹೊಸದಾಗುತ್ತಿದ್ದ ಮನೆಯನ್ನು.

ದೇಸಾಯರ, ನಾಡಿಗೇರರ ವಾಡೆಗಳು ಈ ಕ್ರಮವನ್ನೇ ದೊಡ್ಡದಾಗಿಸಿಕೊಂಡವು. ತಲಬಾಗಿಲು, ಅಂಗಳ, ಅಂಗಳಕ್ಕೆ ತೆರೆದ ಪಡಸಾಲೆ. ಕಂದಾಯದ ಲೆಕ್ಕ, ಊರ ನ್ಯಾಯ, ಬಂದವರ ಕುಶಲ, ಎಲ್ಲವೂ ಅಲ್ಲಿಯೇ.

ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ರಂಗನಗೌಡ ನಾಡಿಗೇರರಲ್ಲಿ ಗುಮಾಸ್ತರಾಗಿದ್ದ ಗಣೇಶ ಸೌಂಶಿಯವರ ಮಗ ರಾಮಚಂದ್ರನೇ 1886ರಲ್ಲಿ ಹುಟ್ಟಿದ ಸವಾಯಿ ಗಂಧರ್ವರು. ಲೆಕ್ಕ ಬರೆಯುವವರ ಮನೆಯಿಂದ ಹಾಡುವವನೊಬ್ಬ ಎದ್ದು ಬಂದ. ಆತನ ಗುರು ಅಬ್ದುಲ್ ಕರೀಂ ಖಾನರು. ಮುಂದೆ ಅದೇ ಊರಿಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬಂದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿದ್ದು ಕಲಿತರು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ ಅವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದದ್ದು ನಾಡಿಗೇರ ವಾಡೆಯಲ್ಲಿಯೇ. ಕಚೇರಿ ಎಂಬ ನಮ್ಮ ಮಾತಿಗೆ ಎರಡು ಅರ್ಥಗಳುಂಟಷ್ಟೆ? ನಮ್ಮ ಕಡೆಯವರು ಹಾಡಿಕೆಗೆ ಬೈಠಕ್ಕೆಂದೇ ಅನ್ನುವರು, ಆ ಮಾತು ಬೇರೆ. ಆದರೂ ಒಂದು ಕಚೇರಿ ಎದ್ದುಹೋದ ಜಾಗದಲ್ಲಿ ಇನ್ನೊಂದು ಕಚೇರಿ ಬಂದು ಕುಳಿತಿತು.

ಎಲ್ಲ ವಾಡೆಗಳಿಗೂ ಈ ಭಾಗ್ಯ ಒದಗಲಿಲ್ಲ. 1950ರ ದಶಕದಲ್ಲಿ ವತನಗಳು ಹೋದವು. 1974ರಲ್ಲಿ ಉಳುವವನಿಗೆ ಭೂಮಿ ಬಂತು, ಬರಬೇಕಾದದ್ದೇ. ಆದರೆ ಮಾಳಿಗೆಗೆ ವರ್ಷವರ್ಷ ಮಣ್ಣು ಹೊರುತ್ತಿದ್ದವರು ಯಾರು, ಅವರಿಗೆ ಸಿಕ್ಕಿದ್ದೇನು ಎಂಬುದನ್ನು ವಾಡೆಯ ಚೆಲುವನ್ನು ಹೊಗಳುವ ನಾವು ನೆನೆಯುವುದು ಕಡಿಮೆ. ಆ ಕೈಗಳು ತಮ್ಮ ಹೊಲಕ್ಕೆ ಹೋದ ಮೇಲೆ ಮಾಳಿಗೆಗಳು ಸೋರತೊಡಗಿದವು.

ನಮ್ಮ ಮನೆಯೂ ಸೋರಿತು. ವಾಡೆಯಲ್ಲ, ಹನ್ನೆರಡು ಕಂಬದ ಮನೆ. ಪಾಲಾದಾಗ ಪಡಸಾಲೆಯ ನಡುವೆ ಎಬ್ಬಿಸಿದ ಗೋಡೆಯೊಳಗೆ ಕೆತ್ತನೆಯ ಕಂಬವೊಂದು ಸಿಕ್ಕಿಕೊಂಡಿತು. ಅರ್ಧ ನಮ್ಮ ಕಡೆ, ಅರ್ಧ ಚಿಕ್ಕಪ್ಪನ ಕಡೆ. ಮುಂದೆ ಮಾಳಿಗೆ ಕೆಡವಿಸಿ ಸಿಮೆಂಟಿನ ಸ್ಲ್ಯಾಬು ಹಾಕಿಸಿದವನು ನಾನೇ. ಬೆಳಕಿಂಡಿ ಮುಚ್ಚಿತು, ಮಧ್ಯಾಹ್ನದ ಸೆಕೆ ಒಳಗೆ ಬಂತು. ಎರಡನೆಯ ಬೇಸಿಗೆಗೆ ಎರೆಯ ನೆಲ ತನ್ನ ಗುಣ ತೋರಿಸಿತು. ಹೊಸ ಗೋಡೆ ಮೂಲೆಯಿಂದ ಮೂಲೆಗೆ ಬಿರಿಯಿತು. ನೋಡಲು ಬಂದ ಗವಂಡಿ, “ಈ ಕಂಬದ ಮ್ಯಾಲ ಈಗ ಏನೂ ಭಾರ ಇಲ್ರೀ, ತಗದ್ರ ಜಾಗಾ ಆಕ್ಕೈತಿ” ಎಂದ. ಚಿಕ್ಕಪ್ಪನ ಮಕ್ಕಳನ್ನು ಕೇಳಬೇಕೆಂದೆ. ಇನ್ನೂ ಕೇಳಿಲ್ಲ.