ಹೊಸ್ತಿಲಲ್ಲಿ ನಿಂತ ಕಾಲು

ಎರಡು ವರ್ಷದ ಹಿಂದೆ ಅಪ್ಪ ತಿಪಟೂರಿನಿಂದ ಚೆನ್ನೈಯ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಅಡುಗೆಮನೆ ಹೊಸ್ತಿಲ ಹತ್ತಿರ ನಿಂತವರು ಹಾಗೇ ನಿಂತುಬಿಟ್ಟರು. ನನಗೆ ಒಂಬತ್ತಕ್ಕೆ ಆಫೀಸಿನ ಕಾಲ್ ಇತ್ತು. "ಬನ್ನಿ ಅಪ್ಪಾ, ಒಂದೇ ಹೆಜ್ಜೆ ಅಲ್ವಾ" ಎಂದು ರೇಗಿದೆ. "ಇಡಬೇಕು ಅಂತಲೇ ಇದೀನಿ ಕಣೋ, ಕಾಲು ಏಳ್ತಾ ಇಲ್ಲ" ಎಂದರು.

ಇಡಬೇಕೆಂಬ ಮನಸ್ಸಿಗೂ ಏಳದ ಕಾಲಿಗೂ ನಡುವೆ ಏನಿದೆ? ಅವತ್ತಿನಿಂದ ಬಿಡುವಾದಾಗಲೆಲ್ಲ ಇದರ ಬಗ್ಗೆ ಓದುತ್ತಾ ಬಂದೆ. ಸಿಕ್ಕಿದ್ದು ಒಂದು ಉದ್ದದ ಚರಿತ್ರೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಈ ನಡುಕದ ಕಾಯಿಲೆಯನ್ನು ವಿವರಿಸಿ, ರೋಗಿಯ ಬುದ್ಧಿಗೆ ಏನೂ ಆಗಿರುವುದಿಲ್ಲ ಎಂದು ಬರೆದಿದ್ದ. ದೊಡ್ಡ ಸುಳಿವು ಸಿಕ್ಕಿದ್ದು 1957ರಲ್ಲಿ, ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್‌ಗೆ. ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಕೊಟ್ಟಾಗ ಅವನ ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಎಲ್-ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಈ ಎಲ್-ಡೋಪಾವನ್ನು ನಸುಗುನ್ನಿ ಬೀಜದಿಂದ ಬೇರ್ಪಡಿಸಿದ ಪ್ರಬಂಧವೊಂದು 1937ರಲ್ಲೇ ಇದೇ ಮದರಾಸಿನಿಂದ ಹೊರಬಂದಿತ್ತು. ಬರೆದವರು ದಾಮೋದರನ್ ಮತ್ತು ರಾಮಸ್ವಾಮಿ. ಹೊಲದಲ್ಲಿ ಮೈಗೆ ತಾಗಿದರೆ ತುರಿಸಿ ಸಾಯಿಸುವ ಅದೇ ನಸುಗುನ್ನಿ! 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್, ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳಿನ ಒಳಭಾಗದಲ್ಲಿ ಡೋಪಮೈನ್ ತೀರಾ ಕಡಿಮೆ ಇರುವುದನ್ನು ತೋರಿಸಿದ. ಮರುವರ್ಷವೇ ಅಲ್ಲಿ ರೋಗಿಗಳಿಗೆ ಎಲ್-ಡೋಪಾ ಕೊಡಲಾಯಿತು. ಅಪ್ಪನ ಮಾತ್ರೆಯ ವಂಶಾವಳಿ ಇದು.

ಏನು ಕಡಿಮೆಯಾಗಿದೆ ಎಂಬುದನ್ನು ರಸಾಯನಶಾಸ್ತ್ರ ಹೇಳಿತು. ಅದು ಅಲ್ಲಿ ಯಾವ ಲೆಕ್ಕ ಮಾಡುತ್ತಿತ್ತು ಎಂಬ ಪ್ರಶ್ನೆ ಉಳಿಯಿತು.

ಆ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿದವರು ಅಮೆರಿಕದ ಕಿಲ್ಮರ್, ಮೆಕ್ಕಲಕ್ ಮತ್ತು ಬ್ಲಮ್. ತಿನ್ನುವುದು, ಓಡುವುದು, ಮಲಗುವುದು ಇವನ್ನೆಲ್ಲ ಪ್ರಾಣಿ ಒಟ್ಟಿಗೆ ಮಾಡಲಾರದು, ಯಾರೋ ಒಂದನ್ನು ಆರಿಸಬೇಕು. ಆ ಆಯ್ಕೆ ಮಿದುಳುಕಾಂಡದಲ್ಲಿ ನಡೆಯುತ್ತದೆ ಎಂದುಕೊಂಡು 1969ರಲ್ಲಿ ಅವರು ಒಂದು ಗಣಕ ಮಾದರಿ ಪ್ರಕಟಿಸಿದರು. ಮುಂದೆ ಎಲ್ಲರ ಕಣ್ಣು ಹಾರ್ನಿಕೀವಿಚ್ ನೋಡಿದ್ದ ಆಳದ ಗಂಟುಗಳ ಮೇಲೆ, ಅಂದರೆ ಬೇಸಲ್ ಗ್ಯಾಂಗ್ಲಿಯಾ ಮೇಲೆ ಬಿತ್ತು.

ಅಲ್ಲೊಂದು ವಿಚಿತ್ರವಿತ್ತು. ಆ ಗಂಟುಗಳಿಂದ ಹೊರಡುವ ನರಕೋಶಗಳು ಸುಮ್ಮನಿರುವಾಗಲೂ ಮಿಡಿಯುತ್ತಲೇ ಇರುತ್ತವೆ, ಮತ್ತು ಅವುಗಳ ಸಂದೇಶ "ಬೇಡ" ಎಂಬುದು. ಅರಸೀಕೆರೆ ಜಂಕ್ಷನ್ ನೆನಪಿಸಿಕೊಳ್ಳಿ. ಎಲ್ಲ ಲೈನಿಗೂ ಕೆಂಪು ಸಿಗ್ನಲ್, ಒಂದಕ್ಕೆ ಮಾತ್ರ ಹಸಿರು. ಹಸಿರು ಕೊಡುವವನು ರೈಲನ್ನು ತಳ್ಳುವುದಿಲ್ಲ, ತಡೆ ತೆಗೆಯುತ್ತಾನೆ ಅಷ್ಟೆ. ಫ್ರಾನ್ಸಿನ ಶೆವಾಲಿಯೆ ಮತ್ತು ದೆನಿಯೋ 1990ರಲ್ಲಿ ಹೇಳಿದ್ದು ಇದನ್ನೇ: ಈ ಭಾಗದ ಮುಖ್ಯ ಕೆಲಸ ತಡೆಯನ್ನು ತಡೆಯುವುದು.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದ ರೆಡ್‌ಗ್ರೇವ್, ಪ್ರೆಸ್ಕಾಟ್ ಮತ್ತು ಗರ್ನಿ 1999ರಲ್ಲಿ ಇದಕ್ಕೆ ಒಂದು ಕಾರಣ ಮುಂದಿಟ್ಟರು. ಪ್ರಾಜೆಕ್ಟ್ ನಡೆಸುವವರಿಗೆ ಥಟ್ಟನೆ ಅರ್ಥವಾಗುವ ಕಾರಣ. ಇಪ್ಪತ್ತು ಕ್ರಿಯೆಗಳು ತಮ್ಮತಮ್ಮಲ್ಲೇ ಹಗ್ಗಜಗ್ಗಾಡಿ ತೀರ್ಮಾನಿಸಬೇಕಾದರೆ 380 ತಂತಿಗಳು ಬೇಕು. ನಡುವೆ ಒಬ್ಬ ತೀರ್ಪುಗಾರ ಇದ್ದರೆ ಹೋಗಲು ಒಂದು, ಬರಲು ಒಂದರಂತೆ 40 ಸಾಕು. ಇಪ್ಪತ್ತೊಂದನೆಯದು ಬಂದು ಸೇರಿದರೆ ಮೊದಲ ಏರ್ಪಾಟಿಗೆ ಇನ್ನೂ 40 ತಂತಿ, ಎರಡನೆಯದಕ್ಕೆ ಬರೀ ಎರಡು. ಕಶೇರುಕಗಳೆಲ್ಲ ಈ ಗಂಟುಗಳನ್ನು ಉಳಿಸಿಕೊಂಡು ಬಂದಿರುವುದಕ್ಕೆ ಈ ಉಳಿತಾಯವೂ ಕಾರಣವಿರಬಹುದು ಎಂಬುದು ಅವರ ವಾದ.

2001ರಲ್ಲಿ ಅದೇ ಮೂವರು ಇದನ್ನು ಸಮೀಕರಣಗಳಲ್ಲಿ ಕಟ್ಟಿದರು. ಪ್ರತಿ ಕ್ರಿಯೆಯೂ ತನ್ನ ತುರ್ತನ್ನು ಒಂದು ಸಂಖ್ಯೆಯಾಗಿ ಕಳಿಸುತ್ತದೆ, ಗೆದ್ದದ್ದರ ಮೇಲಿನ ತಡೆ ಇಳಿಯುತ್ತದೆ. ಡೋಪಮೈನ್ ಅಲ್ಲಿ ಒಂದು ತಿರುಗುಗುಂಡಿಯಂತೆ. ಹೆಚ್ಚಿಸಿದರೆ ಎರಡೆರಡು ಕ್ರಿಯೆಗಳು ಒಟ್ಟಿಗೇ ನುಗ್ಗುತ್ತವೆ. ತೀರಾ ಇಳಿಸಿದರೆ ಎಷ್ಟೇ ತುರ್ತಿದ್ದರೂ ಯಾವುದರ ತಡೆಯೂ ಇಳಿಯುವುದಿಲ್ಲ. ಇದನ್ನು ಓದಿದ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತಿದ್ದೆ. ಅಪ್ಪ ಅವತ್ತು ಹೇಳಿದ್ದು ಅಕ್ಷರಶಃ ಇದೇ.

ಸಿಗ್ನಲ್ ಕೊಡುವವನು ಕಲಿಯುವುದು ಹೇಗೆ ಎಂಬುದು ಇನ್ನೊಂದು ಕವಲು. ರಸ ಕುಡಿಯುವ ಕೋತಿಗಳ ಡೋಪಮೈನ್ ಕೋಶಗಳು ಬಹುಮಾನಕ್ಕಿಂತ ಹೆಚ್ಚಾಗಿ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸಕ್ಕೆ ಮಿಡಿಯುತ್ತವೆ ಎಂದು ಶುಲ್ಟ್ಜ್, ಡಯಾನ್ ಮತ್ತು ಮಾಂಟೆಗ್ 1997ರಲ್ಲಿ ತೋರಿಸಿದರು. ಅವರು ಬಳಸಿದ ಗಣಿತ, ಯಂತ್ರಗಳಿಗೆ ಕಲಿಸಲು ಸಟನ್ ಮತ್ತು ಬಾರ್ಟೊ ಬೆಳೆಸಿದ್ದು. ಅವರಿಬ್ಬರಿಗೆ 2024ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಇಷ್ಟೆಲ್ಲ ಆದರೂ, ಹೆಜ್ಜೆ ಹೀಗೆ ಅಂಟಿಕೊಳ್ಳುವುದಕ್ಕೆ ಎಲ್-ಡೋಪಾ ಯಾವಾಗಲೂ ಸಾಲುವುದಿಲ್ಲ. ಆದರೆ ನೆಲದ ಮೇಲೆ ಅಡ್ಡಗೆರೆ ಎಳೆದರೆ ರೋಗಿ ದಾಟಬಲ್ಲ ಎಂದು ಬ್ರಿಟಿಷ್ ವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲೇ ಬರೆದಿದ್ದ. ಒಳಗಿನ ಸಿಗ್ನಲ್ ಕೈಕೊಟ್ಟಾಗ ಕಣ್ಣಿನ ದಾರಿ ನೆರವಿಗೆ ಬರುತ್ತದೆ.

ಹೊಸ್ತಿಲ ಎರಡೂ ಕಡೆ ಬಿಳಿ ಟೇಪ್ ಅಂಟಿಸಿದೆ. ಅಪ್ಪ ಬಂದು ನಿಂತರು, ಗೆರೆ ನೋಡಿದರು, ಬಲಗಾಲು ಎತ್ತಿ ದಾಟಿದರು. "ರಂಗೋಲಿ ತುಳೀಬಾರ್ದು ಅಂತ ದಾಟ್ದಂಗಾಯ್ತು ಕಣೋ" ಎಂದು ನಕ್ಕರು. ಈಗ ಒಂಬತ್ತು ಗಂಟೆಯ ಕಾಲ್ ಐದು ನಿಮಿಷ ತಡವಾಗಿ ಶುರುವಾಗುತ್ತದೆ.