ಶ್ರೀರಂಗಪಟ್ಟಣದ ಕೊಳ್ಳೆಯೂ ಒಂದು ಪತ್ತೇದಾರಿ ಕಾದಂಬರಿಯೂ

ಆಂಗ್ಲ ಸಾಹಿತ್ಯದಲ್ಲಿ ಪತ್ತೇದಾರಿ ಕಥೆಗಳ ಉಗಮವನ್ನು ಕುರಿತು ವಿವೇಚಿಸುವವರು ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಕಾದಂಬರಿಯನ್ನು ಹೆಸರಿಸದೆ ಮುಂದುವರಿಯುವುದು ವಿರಳ. ೧೮೬೮ರ ಜನವರಿಯಿಂದ ಆಗಸ್ಟ್‌ವರೆಗೆ ಚಾರ್ಲ್ಸ್ ಡಿಕನ್ಸನ 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾದ ಈ ಗ್ರಂಥವನ್ನು ಟಿ. ಎಸ್. ಎಲಿಯಟ್ ಕವಿಯು ಆಧುನಿಕ ಆಂಗ್ಲ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೂ ಅತ್ಯುತ್ತಮವೂ ಎಂದು ಎಣಿಸಿದನು. ಆದರೆ ಇದರ ಕಥೆ ಮೊದಲಾಗುವುದು ಇಂಗ್ಲೆಂಡಿನಲ್ಲಿ ಅಲ್ಲ, ೧೭೯೯ರ ಮೇ ೪ರಂದು ನಮ್ಮ ಶ್ರೀರಂಗಪಟ್ಟಣದ ಕೋಟೆಯಲ್ಲಿ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ಈ ಕೃತಿಯನ್ನೂ ಅದರ ರೂಪಾಂತರಗಳನ್ನೂ ಇತಿಹಾಸದ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಥೆಯ ಸಾರ ಹೀಗಿದೆ. ಕೋಟೆ ಬಿದ್ದ ದಿನ ಹರ್ನ್‌ಕಾಸಲ್ ಎಂಬ ಆಂಗ್ಲ ಸೇನಾಧಿಕಾರಿಯು ಟಿಪ್ಪುವಿನ ಆಯುಧಶಾಲೆಯನ್ನು ಹೊಕ್ಕು, ಅಲ್ಲಿದ್ದ ಕಾವಲಿನವರನ್ನು ಕೊಂದು, ಕಠಾರಿಯೊಂದರ ಹಿಡಿಯಲ್ಲಿದ್ದ ವಜ್ರವನ್ನು ಅಪಹರಿಸುತ್ತಾನೆ. ಅವನ ಬಂಧುವಾದ ಇನ್ನೊಬ್ಬ ಅಧಿಕಾರಿಗೆ ಈ ವಿಷಯದಲ್ಲಿ ಸಂಶಯವೇ ಇಲ್ಲ. ಆದರೆ ಕೊಂದುದನ್ನು ಕಣ್ಣಾರೆ ಕಾಣಲಿಲ್ಲವಾದ್ದರಿಂದ ಅವನು ದೂರು ಕೊಡದೆ, ನಡೆದುದನ್ನು ಮನೆತನದವರಿಗೆ ಮಾತ್ರ ಬರೆದಿಡುತ್ತಾನೆ. ಸುಮಾರು ಐವತ್ತು ವರ್ಷಗಳ ತರುವಾಯ, ೧೮೪೮ರಲ್ಲಿ, ಆ ವಜ್ರವು ಹರ್ನ್‌ಕಾಸಲನ ಸೋದರ ಸೊಸೆಗೆ ಹುಟ್ಟುಹಬ್ಬದ ಕೊಡುಗೆಯಾಗಿ ಬಂದು, ಅದೇ ರಾತ್ರಿ ಕಾಣೆಯಾಗುತ್ತದೆ. ಆಗ ಸಾರ್ಜೆಂಟ್ ಕಫ್ ಎಂಬ ಪತ್ತೇದಾರನು ಬರುತ್ತಾನೆ, ಸಾಕ್ಷಿಗಳ ವಿಚಾರಣೆ ನಡೆಯುತ್ತದೆ, ಬಣ್ಣ ತಗುಲಿದ ರಾತ್ರಿಯುಡುಪೊಂದಕ್ಕಾಗಿ ಮನೆಯೆಲ್ಲ ಶೋಧವಾಗುತ್ತದೆ. ಎರಡನೆಯ ಕಳವಿಗೆ ದೊರೆತ ಈ ವಿಚಾರಣೆಯ ನೂರರಲ್ಲೊಂದು ಪಾಲೂ ಮೊದಲನೆಯ ಕಳವಿಗೂ ಕೊಲೆಗೂ ದೊರೆಯಲಿಲ್ಲ. ಕಾದಂಬರಿಯ ಮರ್ಮವು ಇಲ್ಲಿಯೇ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ವಜ್ರವೂ ಹರ್ನ್‌ಕಾಸಲನೂ ಕಾದಂಬರಿಕಾರನ ಕಲ್ಪನೆ. ಕೊಳ್ಳೆ ಮಾತ್ರ ಕಲ್ಪನೆಯಲ್ಲ. ಟಿಪ್ಪು ಸುಲ್ತಾನನು ಮಡಿದ ಆ ರಾತ್ರಿ ಪಟ್ಟಣವು ಸೈನಿಕರ ಸೂರೆಗೆ ಸಿಕ್ಕಿತು. ಮರುದಿನ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿಯೇಟು ಹಾಕಿಸಿ ಅದನ್ನು ನಿಲ್ಲಿಸಿದನು. ಆದರೆ ಅರಮನೆಯ ಐಶ್ವರ್ಯವು ಒಡೆಯರ ಕೈಗೆ ಹಿಂದಿರುಗಲಿಲ್ಲ. ಪ್ರೈಜ್ ಏಜೆಂಟರು ಅದನ್ನು ಎಣಿಸಿ, ಬೆಲೆಕಟ್ಟಿ, ಸೇನೆಯಲ್ಲಿ ಅವರವರ ದರ್ಜೆಗೆ ತಕ್ಕಂತೆ ಹಂಚಿದರು. ಟಿಪ್ಪುವಿನ ಸಿಂಹಾಸನವು ತುಂಡುತುಂಡಾಯಿತು. ಅದರ ಹುಮಾ ಪಕ್ಷಿಯೂ ಹುಲಿಯ ತಲೆಯೂ ಇಂದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಪ್ರಸಿದ್ಧವಾದ ಯಂತ್ರದ ಹುಲಿಯು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅಪ್ಪಣೆಯಿಲ್ಲದೆ ತೆಗೆದುಕೊಂಡರೆ ಕಳವು, ಲೆಕ್ಕ ಬರೆದು ತೆಗೆದುಕೊಂಡರೆ ಬಹುಮಾನ: ಇದು ಅಂದಿನ ಯುದ್ಧಧರ್ಮ. ಹರ್ನ್‌ಕಾಸಲನು ಮೀರಿದ್ದು ಈ ಗೆರೆಯನ್ನು.

ಕಾಲಿನ್ಸನಿಗೆ ಇದರ ಅರಿವಿತ್ತೆಂಬುದಕ್ಕೆ ಆಧಾರವಿದೆ. ತನ್ನ ಕಥೆಗೆ ಯೂರೋಪಿನ ಎರಡು ರಾಜವಜ್ರಗಳ ಕಥೆಗಳು ಮೂಲವೆಂದು ಅವನು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಅವುಗಳಲ್ಲಿ ಒಂದು ಕೊಹಿನೂರು. ೧೮೪೯ರಲ್ಲಿ ಪಂಜಾಬಿನಿಂದ ಕೈಸೇರಿದ ಆ ರತ್ನವು ೧೮೫೧ರ ಮಹಾಪ್ರದರ್ಶನದಲ್ಲಿ ಲಂಡನ್ನಿನ ಜನಕ್ಕೆ ಕಾಣಸಿಕ್ಕಿತ್ತು. ಪತ್ತೇದಾರಿಯ ಭಾಗಕ್ಕೂ ವಾಸ್ತವದ ಆಧಾರವಿತ್ತು. ಲಂಡನ್ ಪೊಲೀಸಿನಲ್ಲಿ ಪತ್ತೇದಾರಿ ಶಾಖೆಯು ೧೮೪೨ರಲ್ಲಿ ಕೇವಲ ಎಂಟು ಮಂದಿಯೊಡನೆ ಆರಂಭವಾಯಿತು. ಅವರಲ್ಲಿ ಹೆಸರಾದ ಜೊನಾಥನ್ ವಿಚರ್ ೧೮೬೦ರಲ್ಲಿ ರೋಡ್ ಎಂಬ ಹಳ್ಳಿಯ ಮನೆಯಲ್ಲಿ ನಡೆದ ಮಗುವಿನ ಕೊಲೆಯನ್ನು ಶೋಧಿಸಿ, ಕಾಣೆಯಾದ ಒಂದು ರಾತ್ರಿಯುಡುಪಿನ ಬಲದ ಮೇಲೆ ಆ ಮನೆಯ ಮಗಳು ಕಾನ್‌ಸ್ಟೆನ್ಸ್ ಕೆಂಟಳನ್ನು ಬಂಧಿಸಿದನು. ಮರ್ಯಾದಸ್ಥರ ಮನೆಗೆ ಕಳಂಕ ತಂದನೆಂದು ಜನ ಅವನನ್ನು ನಿಂದಿಸಿದರು. ೧೮೬೫ರಲ್ಲಿ ಆಕೆಯೇ ತಪ್ಪೊಪ್ಪಿಕೊಂಡಳು. ಮನೆಯ ಹೊಸ್ತಿಲೊಳಗಿನ ಅಪರಾಧಕ್ಕೆ ಇಷ್ಟು ಕಳವಳಗೊಂಡ ಸಮಾಜವು ಕಡಲಾಚೆಯ ಅಪರಾಧವನ್ನು ಹೇಗೆ ಕಂಡಿತೆಂಬ ಪ್ರಶ್ನೆಯನ್ನು ಕಾಲಿನ್ಸನು ಬಾಯಿಬಿಟ್ಟು ಕೇಳಲಿಲ್ಲ. ಕಥೆಯ ಕಟ್ಟಡದಲ್ಲಿಯೇ ಇರಿಸಿದನು. ಕೊನೆಯಲ್ಲಿ ವಜ್ರವು ಇಂಗ್ಲೆಂಡಿನಲ್ಲಿ ಉಳಿಯದೆ ಕಾಠೇವಾಡದ ಸೋಮನಾಥಕ್ಕೆ ಹಿಂದಿರುಗುವುದು ಇದಕ್ಕೆ ಸಾಕ್ಷಿ.

ಇನ್ನು ರೂಪಾಂತರಗಳು. ಇವುಗಳಲ್ಲಿ ಪ್ರಾಚೀನವಾದದ್ದು ಕಾಲಿನ್ಸನದೇ. ೧೮೭೭ರಲ್ಲಿ ಒಲಿಂಪಿಕ್ ನಾಟಕಶಾಲೆಗಾಗಿ ಅವನು ಕಾದಂಬರಿಯನ್ನು ನಾಟಕವಾಗಿಸಿದಾಗ ವಜ್ರವನ್ನು ಅರಸಿ ಬಂದ ಮೂವರು ಭಾರತೀಯರನ್ನೂ ಅಫೀಮಿನ ಪ್ರಸಂಗವನ್ನೂ ಕೈಬಿಟ್ಟನು. ಉಳಿದದ್ದು ಒಂದು ಮನೆಯ ಒಂದು ಕಳವು ಮಾತ್ರ. ೧೯೩೪ರ ಅಮೆರಿಕದ ಚಲನಚಿತ್ರವು ಸುಮಾರು ಒಂದು ಗಂಟೆಯ ಅವಧಿಯಲ್ಲಿ ಕಥೆಯನ್ನು ತನ್ನ ಕಾಲಕ್ಕೇ ತಂದು ನಿಲ್ಲಿಸಿತು. ಬಿ.ಬಿ.ಸಿ. ಸಂಸ್ಥೆಯು ೧೯೫೯, ೧೯೭೨, ೧೯೯೬ ಮತ್ತು ೨೦೧೬ರಲ್ಲಿ ಇದನ್ನು ದೂರದರ್ಶನಕ್ಕೆ ಅಳವಡಿಸಿತು. ಕಾನನ್ ಡಾಯಲನ ಕೃತಿಗಳಿಗೂ ಇದೇ ಗತಿ. ೧೮೯೦ರ 'ದಿ ಸೈನ್ ಆಫ್ ಫೋರ್' ಕಾದಂಬರಿಯ ನಡುವಿನಲ್ಲಿ ೧೮೫೭ರ ದಂಗೆಯ ಕಾಲದಲ್ಲಿ ಆಗ್ರಾದಲ್ಲಿ ಕೊಲೆ ಮಾಡಿ ದೋಚಿದ ನಿಧಿಯಿದೆ. ಅದರ ಹೆಸರನ್ನು ಅನುಕರಿಸಿದ ೨೦೧೪ರ ದೂರದರ್ಶನ ಕಂತಿನಲ್ಲಿ ಮೇಜರ್ ಶೋಲ್ಟೊ ಎಂಬ ಹೆಸರು ಉಳಿದಿದೆ, ನಿಧಿ ಉಳಿದಿಲ್ಲ. ಆದರೆ ಅದೇ ಮಾಲೆಯು ೨೦೧೦ರಲ್ಲಿ ಆರಂಭವಾದಾಗ ಡಾಕ್ಟರ್ ವಾಟ್ಸನ್ ಆಫ್ಘಾನಿಸ್ಥಾನದ ಯುದ್ಧದಿಂದ ಮರಳಿದವನಾಗಿಯೇ ಇದ್ದನು. ಡಾಯಲನ ವಾಟ್ಸನ್ ಗಾಯಗೊಂಡದ್ದು ೧೮೮೦ರ ಮೈವಂದ್ ಕದನದಲ್ಲಿ. ನೂರಮೂವತ್ತು ವರ್ಷಗಳು ಕಳೆದರೂ ಆ ವಿವರವನ್ನು ಬದಲಿಸುವ ಅಗತ್ಯ ಬೀಳಲಿಲ್ಲ.

ರಂಗಭೂಮಿಗೂ ಚಿತ್ರಕ್ಕೂ ಕಾಲಮಿತಿಯಿದೆ, ಏನನ್ನಾದರೂ ಬಿಡಲೇಬೇಕು ಎಂಬ ಆಕ್ಷೇಪಣೆಯು ಯುಕ್ತವಾದದ್ದೇ. ಬಿಟ್ಟದ್ದು ಯಾವುದು ಎಂಬುದೇ ಇತಿಹಾಸಕಾರನ ಪ್ರಶ್ನೆ. ಕಾಲಿನ್ಸನ ಪಕ್ಷವನ್ನೂ ನಾವು ಪೂರ್ಣವಾಗಿ ವಹಿಸಲಾರೆವು. ವಜ್ರವು ಸೋಮನಾಥದಿಂದ ಕಾಶಿಗೆ, ಅಲ್ಲಿಂದ ಕೈಗಳು ಬದಲಾಗಿ ಟಿಪ್ಪುವಿಗೆ ಬಂದಿತೆಂದು ಹೇಳುವುದರಿಂದ ಅವನು ಆಂಗ್ಲರ ಕೊಳ್ಳೆಯನ್ನು ಹಳೆಯ ಕೊಳ್ಳೆಗಳ ಸರಪಳಿಯಲ್ಲಿ ಒಂದು ಕೊಂಡಿಯನ್ನಾಗಿ ಮಾಡುತ್ತಾನೆ. ಇದರಿಂದ ಅಪರಾಧದ ಭಾರ ಸ್ವಲ್ಪ ಹಗುರವಾಗುತ್ತದೆ. ಶ್ರೀರಂಗಪಟ್ಟಣದ ಜನ ಆ ರಾತ್ರಿ ಪಟ್ಟ ಪಾಡಿಗೆ ಅವನ ಪುಟಗಳಲ್ಲಿ ಸ್ಥಳವಿಲ್ಲ.

ಕಾದಂಬರಿಯು ಇತಿಹಾಸಕ್ಕೆ ಬದಲಿಯಾಗಲಾರದು. ಆದರೂ ನಾಲ್ಕನೆಯ ಮೈಸೂರು ಯುದ್ಧವನ್ನು ಬೋಧಿಸುವಾಗ ಸೇನಾಪತಿಗಳ ವರದಿಗಳೊಡನೆ ಈ ಕೃತಿಯ ಮೊದಲ ಕೆಲವು ಪುಟಗಳನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ನಮ್ಮ ಅಭಿಪ್ರಾಯ. ಕಳ್ಳನು ಯಾರೆಂದು ಕೇಳುವುದಕ್ಕೆ ಮೊದಲು ಯಾವುದನ್ನು ಕಳವೆಂದು ಕರೆಯಲಾಯಿತು, ಹಾಗೆ ಕರೆದವರು ಯಾರು ಎಂದು ಕೇಳುವ ಅಭ್ಯಾಸವು ಅವರಿಗೆ ಅದರಿಂದ ಬಂದರೆ ಅಷ್ಟೇ ಸಾಕು.